ನೋವು ಮರೆತ ಪಾದಗಳ ಚರಿತ್ರೆ

ಚಪ್ಪಲಿ ಕಚ್ಚಿದ ದಿನ ಮನುಷ್ಯನ ನಡಿಗೆಯೇ ಬದಲಾಗುತ್ತದೆ. ಕಚ್ಚಿದ ಜಾಗಕ್ಕೆ ಭಾರ ಬೀಳದಂತೆ ಪಾದವನ್ನು ಸ್ವಲ್ಪ ಹೊರಳಿಸಿ ಇಡುತ್ತಾನೆ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ, ಮನೆ ಸೇರಿದೊಡನೆ ಚಪ್ಪಲಿ ಕಳಚಿ ಮೂಲೆಗೆ ಎಸೆಯುತ್ತಾನೆ. ಇದನ್ನೆಲ್ಲ ಅವನು ಯೋಚಿಸಿ ಮಾಡುವುದಿಲ್ಲ, ನೋವು ಮಾಡಿಸುತ್ತದೆ. ಆ ನೋವೇ ಇಲ್ಲದಿದ್ದರೆ? ಗುಳ್ಳೆ ಒಡೆದರೂ, ಅದು ಹುಣ್ಣಾದರೂ, ಹುಣ್ಣಿನ ತಳದಲ್ಲಿ ಮೂಳೆ ಕಂಡರೂ ಆತ ಅದೇ ಚಪ್ಪಲಿಯಲ್ಲಿ ಅದೇ ವೇಗದಲ್ಲಿ ನಡೆಯುತ್ತಲೇ ಇರುತ್ತಾನೆ.

ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರ ಸಂಖ್ಯೆ 10 ಕೋಟಿ ದಾಟಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಇವರಲ್ಲಿ ಅನೇಕರಿಗೆ ವರ್ಷಗಳು ಕಳೆದಂತೆ ಪಾದದ ನರಗಳು ಸೋತು ಸ್ಪರ್ಶಜ್ಞಾನ ಕುಂದುತ್ತದೆ. ಬೆರಳು, ಪಾದ, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರುವ ಪ್ರಸಂಗಗಳು ಹೆಚ್ಚಿನಂಶ ಹುಟ್ಟುವುದು ಇಂಥ ಪಾದದ ಒಂದು ಸಣ್ಣ ಹುಣ್ಣಿನಿಂದ. ಅಂಥ ಪಾದವನ್ನು ಉಳಿಸುವುದು ಹೇಗೆಂಬ ವಿದ್ಯೆಯ ದೊಡ್ಡ ಪಾಲು ಮಧುಮೇಹದ ಆಸ್ಪತ್ರೆಗಳಲ್ಲಿ ಬೆಳೆದದ್ದಲ್ಲ. ಅದು ಬೆಳೆದದ್ದು ಊರು ಹೊರಗಿಟ್ಟಿದ್ದ ಕುಷ್ಠರೋಗಿಗಳ ನಡುವೆ. ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರದ ವೆಲ್ಲೂರಿನಲ್ಲಿ.

ಪಾದದ ಚಿಕಿತ್ಸೆಯೇನೋ ಬಹಳ ಹಳೆಯದು. ಅಂಗಾಲಿನ ಆಣಿಯನ್ನು ಸುಶ್ರುತ ಸಂಹಿತೆ 'ಕದರ' ಎಂದು ಕರೆಯುತ್ತದೆ. ಅದನ್ನು ಕೊರೆದು ತೆಗೆದು, ಆ ಜಾಗವನ್ನು ಕಾದ ಎಣ್ಣೆಯಿಂದ ಸುಡಬೇಕು ಎನ್ನುತ್ತದೆ. ಹಿಮ್ಮಡಿಯ ಒಡಕಿಗೆ ಅಲ್ಲಿ 'ಪಾದದಾರಿ' ಎಂಬ ಹೆಸರಿದೆ. ಯುರೋಪಿನಲ್ಲಿ ಆಣಿ ಕೀಳುವವರು ಶತಮಾನಗಳ ಕಾಲ ಬೀದಿ ಬೀದಿ ಸುತ್ತಿ ಹೊಟ್ಟೆ ಹೊರೆದರು. 1785ರಲ್ಲಿ ಲಂಡನ್ನಿನ ಡೇವಿಡ್ ಲೋ ಪಾದದ ತೊಂದರೆಗಳ ಬಗ್ಗೆ ಪುಸ್ತಕ ಬರೆದು, ಈ ಕಸುಬಿಗೆ 'ಕಿರೋಪೊಡಿ' ಎಂಬ ಗಂಭೀರ ಹೆಸರನ್ನು ತಂದುಕೊಟ್ಟ. ಲೂಯಿಸ್ ಡರ್ಲಾಕರ್ ಎಂಬಾತ ವಿಕ್ಟೋರಿಯಾ ರಾಣಿಯ ಅರಮನೆಯಲ್ಲೇ ಪಾದವೈದ್ಯನಾಗಿದ್ದ. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ 1862ರಲ್ಲಿ, ಅಂತರ್ಯುದ್ಧದ ನಡುವೆಯೇ, ತನ್ನ ಕಾಲಿನ ಉಪಶಮನ ಮಾಡಿದ ಐಸಾಕರ್ ಜಕಾರೀ ಎಂಬವನಿಗೆ ಕೈಬರಹದ ಪ್ರಶಂಸಾಪತ್ರ ಕೊಟ್ಟ. ನ್ಯೂಯಾರ್ಕಿನಲ್ಲಿ 1895ರಲ್ಲಿ ಪಾದವೈದ್ಯರ ಸಂಘವೂ 1911ರಲ್ಲಿ ಶಾಲೆಯೂ ಆರಂಭವಾದವು. ಇಂದು ಅಲ್ಲಿ 'ಪೊಡಿಯಾಟ್ರಿ' ಎಂಬುದು ಪ್ರತ್ಯೇಕ ಪದವಿ, ಪ್ರತ್ಯೇಕ ವೃತ್ತಿ. ನಮ್ಮಲ್ಲಿ ಆ ಕೆಲಸ ಮೂಳೆ ವೈದ್ಯರು, ಶಸ್ತ್ರವೈದ್ಯರು, ಮಧುಮೇಹ ತಜ್ಞರು ಇವರೊಳಗೆ ಹಂಚಿಹೋಗಿದೆ. ಹಂಚಿಹೋದ ಕೆಲಸ ಯಾರದೂ ಆಗದೆ ಉಳಿಯುವುದೂ ಉಂಟು.

ಆದರೆ ಈ ವೈದ್ಯರ ಬಳಿಗೆ ಬರುತ್ತಿದ್ದವರು, ಅಧ್ಯಕ್ಷ ಲಿಂಕನ್ ಸೇರಿದಂತೆ, ನೋವು ಎಂದು ಬಂದವರು. ನೋವೇ ಇಲ್ಲದ ಪಾದದ ಕಥೆ ಬೇರೆ.

ಕುಷ್ಠರೋಗದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಗುರುತಿಸಿದ. ಅದು ನರಗಳನ್ನು ಹಾಳುಮಾಡುತ್ತದೆ ಎಂಬುದೂ ತಿಳಿದಿತ್ತು. ಹೀಗಿದ್ದೂ ಕೈಕಾಲಿನ ಬೆರಳುಗಳು ಮೊಟಕಾಗುವುದು ಏಕೆ ಎಂಬುದಕ್ಕೆ ಜನರ ಉತ್ತರ ಒಂದೇ: ರೋಗ ಮಾಂಸವನ್ನು ತಿನ್ನುತ್ತದೆ, ಬೆರಳು ತಾನಾಗಿ ಉದುರುತ್ತದೆ. ಅನೇಕ ವೈದ್ಯರೂ ಹಾಗೆಯೇ ನಂಬಿದ್ದರು. ಕುಷ್ಠರೋಗಿಯ ದೇಹದ್ದು 'ಕೆಟ್ಟ ಮಾಂಸ', ಅದಕ್ಕೆ ಕತ್ತಿ ಹಾಕಿದರೆ ಗಾಯ ಮಾಯುವುದಿಲ್ಲ ಎಂಬ ಮಾತಿತ್ತು. ಹಾಗಾಗಿ ಯಾರೂ ಕತ್ತಿ ಹಾಕುತ್ತಿರಲಿಲ್ಲ.

ಈ ನಂಬಿಕೆಯನ್ನು ಪ್ರಶ್ನಿಸಿದವರಲ್ಲಿ ಮುಖ್ಯ ಹೆಸರು ಪಾಲ್ ಬ್ರಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆ ಬೆಟ್ಟಗಳಲ್ಲಿದ್ದ ಮಿಷನರಿ ದಂಪತಿಗಳಿಗೆ ಹುಟ್ಟಿದ ಬ್ರಾಂಡ್, ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗ ತಜ್ಞ ರಾಬರ್ಟ್ ಕಾಕ್ರೇನ್ ಅವರು ಬ್ರಾಂಡ್‌ರನ್ನು ಚೆಂಗಲ್ಪಟ್ಟಿನ ಆರೋಗ್ಯಧಾಮಕ್ಕೆ ಕರೆದೊಯ್ದರು. ಕೈಬೆರಳು ಕೊಕ್ಕೆಯಂತೆ ಮಡಿಚಿಹೋಗಿದ್ದ ರೋಗಿಯೊಬ್ಬನ ಕೈ ಹಿಡಿದಾಗ ಬ್ರಾಂಡ್ ಬೆಚ್ಚಿದರು. ಆ ಹಿಡಿತ ಅಷ್ಟು ಬಲವಾಗಿತ್ತು. ಅಂದರೆ ಕೆಲವು ಸ್ನಾಯುಗಳು ಮಾತ್ರ ಸತ್ತಿದ್ದವು, ಉಳಿದವು ಗಟ್ಟಿಯಾಗಿಯೇ ಇದ್ದವು. ಗಟ್ಟಿ ಸ್ನಾಯುವಿನ ಸ್ನಾಯುರಜ್ಜುವನ್ನು ಸತ್ತ ಸ್ನಾಯುವಿನ ಕೆಲಸಕ್ಕೆ ಹಚ್ಚುವ ಶಸ್ತ್ರಚಿಕಿತ್ಸೆ ಹೀಗೆ ಶುರುವಾಯಿತು. ಗಾಯಗಳು ಎಲ್ಲರ ಗಾಯಗಳಂತೆಯೇ ಮಾಯ್ದವು. ಮಾಂಸ ಕೆಟ್ಟದ್ದಾಗಿರಲಿಲ್ಲ!

ಹಾಗಾದರೆ ಬೆರಳು ಹೋಗುವುದೆಲ್ಲಿಗೆ? ಒಮ್ಮೆ ಬ್ರಾಂಡ್‌ರಿಗೆ ತುಕ್ಕು ಹಿಡಿದ ಬೀಗವೊಂದನ್ನು ತೆಗೆಯಲಾಗಲಿಲ್ಲ. ಪಕ್ಕದಲ್ಲಿದ್ದ ಬಾಲ ರೋಗಿ ಕೀಲಿಕೈ ಹಿಡಿದು ಒಂದೇ ಬಾರಿಗೆ ತಿರುಗಿಸಿಬಿಟ್ಟ. ನೋಡಿದರೆ ಹುಡುಗನ ಬೆರಳು ಮೂಳೆಯವರೆಗೆ ಸೀಳಿತ್ತು, ನೆಲದ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಅಲ್ಲಿಂದ ಬ್ರಾಂಡ್ ಮತ್ತು ಸಹೋದ್ಯೋಗಿಗಳು ಪ್ರತಿಯೊಂದು ಗಾಯದ ಮೂಲವನ್ನೂ ಪತ್ತೇದಾರರಂತೆ ಹುಡುಕಲಾರಂಭಿಸಿದರು. ಬಿಸಿ ಪಾತ್ರೆ, ಒರಟು ಹಿಡಿಕೆ, ಉರಿಯುವ ಸೌದೆ — ಪ್ರತಿ ಗಾಯಕ್ಕೂ ಒಂದು ಕಾರಣ ಸಿಕ್ಕಿತು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿದ್ದ ಬೆರಳಿನ ತುಂಡಿಗೂ ಕಾರಣ ಸಿಕ್ಕಿತು: ಇಲಿಗಳು. ನಿದ್ದೆಯಲ್ಲಿದ್ದವರಿಗೆ ಇಲಿ ಕಡಿದದ್ದು ತಿಳಿಯುತ್ತಿರಲಿಲ್ಲ. ಆಮೇಲೆ ಮನೆಗೆ ಹೊರಟ ರೋಗಿಗಳಿಗೆ ಆಸ್ಪತ್ರೆಯಿಂದ ಬೆಕ್ಕನ್ನು ಕೊಟ್ಟು ಕಳಿಸುವ ಪದ್ಧತಿ ಬಂತು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಬೆಕ್ಕು ಔಷಧಿಯಾದದ್ದು ಅಪರೂಪವೇ ಇರಬೇಕು.

ಕೈಗಿಂತ ಪಾದ ಕಠಿಣವಾದ ಸಮಸ್ಯೆಯಾಗಿತ್ತು. ಕೈಗೆ ವಿಶ್ರಾಂತಿ ಕೊಡಬಹುದು, ಪಾದಕ್ಕೆ ಕೊಡುವುದೆಂದರೆ ದುಡಿಮೆ ನಿಲ್ಲಿಸುವುದೆಂದೇ ಅರ್ಥ. ಅಂಗಾಲಿನ ಹುಣ್ಣು ಎಲ್ಲೆಂದರಲ್ಲಿ ಆಗುವುದಿಲ್ಲ, ಭಾರ ಹೆಚ್ಚು ಬೀಳುವ ಜಾಗದಲ್ಲೇ ಆಗುತ್ತದೆ ಎಂಬುದನ್ನು ವೆಲ್ಲೂರಿನ ವೈದ್ಯರು ಗಮನಿಸಿದರು. ಮುಳ್ಳು, ಮೊಳೆ ಚುಚ್ಚುವುದಷ್ಟೇ ಅಪಾಯವಲ್ಲ, ಬರೀ ನಡಿಗೆಯೂ ಅಪಾಯ. ನಮ್ಮ ನಿಮ್ಮ ಪಾದ ದೂರ ನಡೆದಂತೆ ತಿಳಿಯದೆಯೇ ಭಾರ ಹಾಕುವ ಜಾಗವನ್ನು ಬದಲಿಸಿಕೊಳ್ಳುತ್ತದೆ. ಜೋಮು ಹಿಡಿದ ಪಾದ ಹಾಗೆ ಮಾಡುವುದಿಲ್ಲ. ಒಂದೇ ಜಾಗದ ಮೇಲೆ ಸಾವಿರಾರು ಸಲ ಬಿದ್ದ ಸಾಧಾರಣ ಒತ್ತಡವೇ ಒಳಗಿನ ಮಾಂಸವನ್ನು ಹಣ್ಣಾಗಿಸುತ್ತದೆ. ಬ್ರಾಂಡ್ ಮುಂದೆ ಅಮೆರಿಕದಲ್ಲಿ ಇಲಿಗಳ ಪಾದದ ಮೇಲೆ ಯಂತ್ರದಿಂದ ಇಂಥದೇ ಹದವಾದ ಒತ್ತಡವನ್ನು ಮತ್ತೆ ಮತ್ತೆ ಹಾಕಿ ಇದನ್ನು ತೋರಿಸಿಕೊಟ್ಟರು.

ಪರಿಹಾರ ಎರಡು ಬಗೆಯದಾಯಿತು. ಆದ ಹುಣ್ಣಿಗೆ ಪ್ಲಾಸ್ಟರ್, ಆಗದಂತೆ ತಡೆಯಲು ಚಪ್ಪಲಿ. ಹುಣ್ಣಾದ ಕಾಲಿಗೆ ಪ್ಲಾಸ್ಟರ್ ಕಟ್ಟಿ ಓಡಾಡಲು ಬಿಡುವ ಕ್ರಮವನ್ನು 1930ರ ದಶಕದಲ್ಲೇ ಸಿಲೋನಿನ ಮಿಲ್‌ರಾಯ್ ಪಾಲ್ ಹಾಗೂ ಭಾರತದ ಜೋಸೆಫ್ ಖಾನ್ ಬಳಸಿದ್ದರು. ಬ್ರಾಂಡ್ ಅದನ್ನು ಕೈಗೆತ್ತಿಕೊಂಡು ಬೆಳೆಸಿದರು. ಪಾದ ಮತ್ತು ಮೊಣಕಾಲಿನ ಕೆಳಭಾಗಕ್ಕೆ ಎಲ್ಲೂ ಸಂದು ಬಿಡದಂತೆ ಅಂಟಿಕೂರುವ ಪ್ಲಾಸ್ಟರ್ ಇದು. ದೇಹದ ಭಾರ ಒಂದು ಬಿಂದುವಿನ ಮೇಲೆ ಬೀಳದೆ ಇಡೀ ಅಂಗಾಲಿಗೂ ಕಣಕಾಲಿಗೂ ಹಂಚಿಹೋಗುತ್ತದೆ. ರೋಗಿ ಬೇಕೆಂದರೂ ಅದನ್ನು ಬಿಚ್ಚಿಡುವಂತಿಲ್ಲ ಎಂಬುದೇ ಇದರ ದೊಡ್ಡ ಗುಣ. ವರ್ಷಗಟ್ಟಲೆ ಮಾಯದ ಹುಣ್ಣುಗಳು ಕೆಲವೇ ವಾರಗಳಲ್ಲಿ ಮಾಯತೊಡಗಿದವು, ಅದೂ ಯಾವ ಹೊಸ ಮುಲಾಮಿನ ಹಂಗಿಲ್ಲದೆ.

ಚಪ್ಪಲಿಯ ಕೆಲಸ ಇದಕ್ಕಿಂತ ಹೆಚ್ಚಿನ ತಾಳ್ಮೆ ಬೇಡಿತು. ಮರದ ಮೆಟ್ಟು ಸೇರಿದಂತೆ ಹಲವು ಬಗೆ ಪ್ರಯೋಗವಾದ ಮೇಲೆ ಎಲ್ಲರಿಗೂ ಒಪ್ಪಿಗೆಯಾದದ್ದು ಮೈಕ್ರೊಸೆಲ್ಯುಲರ್ ರಬ್ಬರು. ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಈ ರಬ್ಬರು ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೇಲೇಳುತ್ತದೆ, ಬೇಗ ಚಪ್ಪಟೆಯಾಗುವುದಿಲ್ಲ. ಅಂಗಾಲಿಗೆ ಈ ಮೆತ್ತನೆಯ ಪದರ, ಕೆಳಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಹಿಮ್ಮಡಿಗೆ ಪಟ್ಟಿ. ಒಂದೂ ಮೊಳೆ ಇರಬಾರದು, ಏಕೆಂದರೆ ಸಡಿಲವಾದ ಮೊಳೆ ಚುಚ್ಚಿದರೆ ಹೇಳುವವರಾರು? ಹರಡಿನ ಬಳಿ ಪಾದ ಎತ್ತಲಾಗದೆ ಜೋತುಬಿದ್ದವರಿಗೆ ಸ್ನಾಯುರಜ್ಜುವನ್ನು ಸ್ಥಳಾಂತರಿಸುವ ಶಸ್ತ್ರಚಿಕಿತ್ಸೆಯೂ ಬಂತು.

ಆದರೆ ಚಪ್ಪಲಿಗೆ ಒಂದು ಶಾಪ ಅಂಟಿಕೊಂಡಿತು. ಎಲ್ಲರ ಚಪ್ಪಲಿಯಂತೆ ಇಲ್ಲದ ಅದನ್ನು ನೋಡಿದವರು ಮೆಟ್ಟಿದವರ ರೋಗವನ್ನು ಗುರುತಿಸುತ್ತಿದ್ದರು. ಕಾಲು ಉಳಿಸುವ ಚಪ್ಪಲಿ ಮಾನ ಕಳೆಯುತ್ತದೆಂದು ಅದನ್ನು ಮನೆಯಲ್ಲೇ ಬಿಟ್ಟು ಬರಿಗಾಲಲ್ಲಿ ಹೊರಡುವವರಿದ್ದರು. ಇದನ್ನು ಬರೀ ಅವಿವೇಕ ಎನ್ನಲಾಗದು. ಊರೊಳಗೆ ಜಾಗ, ಮಗಳ ಮದುವೆ, ಕೂಲಿಯ ಕೆಲಸ ಎಲ್ಲವೂ ಆ ಚಪ್ಪಲಿಯ ಎದುರು ತೂಗುತ್ತಿದ್ದವು.

ನೋವಿಲ್ಲದಿರುವುದು ಏನೆಂದು ಬ್ರಾಂಡ್‌ರಿಗೆ ಸ್ವತಃ ಒಂದು ರಾತ್ರಿ ತಿಳಿಯಿತು. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ದೀರ್ಘ ರೈಲು ಪ್ರಯಾಣ ಮುಗಿಸಿ ಕಾಲುಚೀಲ ತೆಗೆದಾಗ ಹಿಮ್ಮಡಿಗೆ ಸ್ಪರ್ಶವೇ ಇರಲಿಲ್ಲ. ಪಿನ್ನು ಚುಚ್ಚಿದರು, ನೋವಿಲ್ಲ. ತಮಗೂ ರೋಗ ಬಂತೆಂದು ರಾತ್ರಿಯೆಲ್ಲ ಹೊರಳಾಡಿದರು. ಬೆಳಿಗ್ಗೆ ಮತ್ತೆ ಚುಚ್ಚಿಕೊಂಡಾಗ ನೋವಾಗಿ ಚೀರಿದರು. ಕುಳಿತ ಭಂಗಿಯಿಂದ ನರ ಒತ್ತಿ ಜೋಮು ಹಿಡಿದಿತ್ತಷ್ಟೆ. ಈ ಪ್ರಸಂಗವನ್ನು ಅವರು ಫಿಲಿಪ್ ಯಾನ್ಸಿ ಜೊತೆ ಬರೆದ, 1993ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ದಾಖಲಿಸಿದ್ದಾರೆ.

1966ರಲ್ಲಿ ಬ್ರಾಂಡ್ ಅಮೆರಿಕದ ಲೂಸಿಯಾನ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಹಣವಿತ್ತು, ಎಂಜಿನಿಯರುಗಳಿದ್ದರು. ನೋವಿಗೆ ಬದಲಿ ಯಂತ್ರವನ್ನೇ ಮಾಡಲು ಹೊರಟರು. ಕೈಗವಸು, ಕಾಲುಚೀಲಗಳಲ್ಲಿ ಒತ್ತಡ ಅಳೆಯುವ ಸಾಧನಗಳನ್ನಿಟ್ಟು, ಅಪಾಯದ ಮಟ್ಟ ಮುಟ್ಟಿದರೆ ಕಿವಿಯಲ್ಲಿ ಸದ್ದಾಗುವಂತೆ, ಆಮೇಲೆ ವಿದ್ಯುತ್ತಿನ ಚುಟುಕು ಆಘಾತವಾಗುವಂತೆ ಮಾಡಿದರು. ವರ್ಷಗಳ ಶ್ರಮದ ನಂತರ ಯೋಜನೆ ಕೈಬಿಡಬೇಕಾಯಿತು. ಕಾರಣ ಬಲು ಸರಳ: ಬೇಕಾದ ಕೆಲಸಕ್ಕೆ ಅಡ್ಡಿಯಾದಾಗ ರೋಗಿಗಳು ಯಂತ್ರವನ್ನು ಆರಿಸಿಬಿಡುತ್ತಿದ್ದರು. ನಿಜವಾದ ನೋವಿಗೆ ಅಂಥ ಗುಂಡಿ ಇಲ್ಲ.

ಕಾರ್ವಿಲ್‌ನಲ್ಲಿದ್ದಾಗಲೇ ಮಧುಮೇಹಿಗಳ ಪಾದ ಬ್ರಾಂಡ್‌ರ ಗಮನ ಸೆಳೆಯಿತು. ಅದೇ ಜಾಗದಲ್ಲಿ ಅದೇ ಬಗೆಯ ಹುಣ್ಣು. ಮಧುಮೇಹದಲ್ಲಿ ರಕ್ತಸಂಚಾರ ಕೆಟ್ಟಿರುತ್ತದೆ, ಆದ್ದರಿಂದ ಹುಣ್ಣು ಮಾಯದು, ಕತ್ತರಿಸುವುದೇ ದಾರಿ ಎಂಬುದು ಆಗಿನ ಅನೇಕ ವೈದ್ಯರ ಧೋರಣೆಯಾಗಿತ್ತು. 'ಕೆಟ್ಟ ಮಾಂಸ'ದ ಮಾತೇ ಇಲ್ಲಿ ಬೇರೆ ವೇಷದಲ್ಲಿ ಬಂದಿತ್ತು. ಹಲವು ಮಧುಮೇಹಿಗಳಲ್ಲಿ ರಕ್ತನಾಳ ಕಟ್ಟಿರುವುದು ನಿಜವೇ. ಆದರೆ ರಕ್ತ ಚೆನ್ನಾಗಿ ಹರಿಯುತ್ತಿದ್ದ ಪಾದಗಳ ಹುಣ್ಣಿಗೆ ಕಾರಣ ಜೋಮು ಮತ್ತು ಒತ್ತಡ. ವೆಲ್ಲೂರಿನ ಪ್ಲಾಸ್ಟರು ಅವನ್ನೂ ಮಾಯಿಸಿತು. ಚರ್ಮಕ್ಕೆ ಒತ್ತಿ ಸ್ಪರ್ಶಜ್ಞಾನ ಅಳೆಯುವ 10 ಗ್ರಾಂ ನೈಲಾನ್ ಎಳೆ ಇಂದು ಮಧುಮೇಹ ಚಿಕಿತ್ಸಾಲಯಗಳಲ್ಲಿ ಸಾಮಾನ್ಯ. ಆ ಎಳೆಯನ್ನು ಗುರುತಿಸಲಾಗದ ಪಾದಕ್ಕೆ ಹುಣ್ಣಿನ ಅಪಾಯವಿದೆ ಎಂಬ ಮಟ್ಟವನ್ನು ಗೊತ್ತುಮಾಡಿದ 1986ರ ಅಧ್ಯಯನವೂ ಕಾರ್ವಿಲ್‌ನದೇ. ಅತ್ತ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆ 1981ರಲ್ಲಿ ವೈದ್ಯ, ಶಸ್ತ್ರವೈದ್ಯ, ಪಾದವೈದ್ಯ, ಪಾದರಕ್ಷೆ ತಯಾರಕ, ದಾದಿ ಎಲ್ಲರೂ ಒಂದೇ ಕಡೆ ಸಿಗುವ ಮಧುಮೇಹಿ ಪಾದದ ಚಿಕಿತ್ಸಾಲಯ ತೆರೆಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ಅಂಗಚ್ಛೇದನಗಳ ಸಂಖ್ಯೆ ಅಲ್ಲಿ ಅರ್ಧಕ್ಕಿಳಿಯಿತು.

ಈಗಿನ ಚಿಕಿತ್ಸೆಯ ಕ್ರಮವೂ ಬಹುಮಟ್ಟಿಗೆ ಹೀಗೆಯೇ. ಹುಣ್ಣಿನ ಸುತ್ತ ದಡ್ಡುಗಟ್ಟಿದ ಚರ್ಮವನ್ನು ತಜ್ಞರು ಹೆರೆದು ತೆಗೆಯುತ್ತಾರೆ, ಸೋಂಕಿದ್ದರೆ ಪ್ರತಿಜೈವಿಕ ಕೊಡುತ್ತಾರೆ, ರಕ್ತನಾಳ ಕಟ್ಟಿದ್ದರೆ ತೆರೆಸುತ್ತಾರೆ. ಭಾರ ಇಳಿಸಲು ಕಳಚಲಾಗದ ಪ್ಲಾಸ್ಟರಿಗೆ ಇಂದಿಗೂ ಮೊದಲ ಮಣೆ. ಸೋಂಕು ತೀವ್ರವಾಗಿದ್ದರೆ ಅಥವಾ ರಕ್ತಸಂಚಾರ ತೀರಾ ಕಡಿಮೆಯಿದ್ದರೆ ಮಾತ್ರ ಅದನ್ನು ಹಾಕುವುದಿಲ್ಲ.

ಹರಡಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಜೋಮು ಹಿಡಿದ ಕಾಲಿನಲ್ಲಿ ಪಾದವೋ ಹರಡೋ ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿ ಎನಿಸಿದರೆ ಅದು ಬರೀ ಉಳುಕು ಆಗಿರಲಾರದು. ಫ್ರಾನ್ಸಿನ ಶಾರ್ಕೋ 1868ರಲ್ಲಿ ನರರೋಗಿಗಳಲ್ಲಿ ವರ್ಣಿಸಿದ, 1936ರಲ್ಲಿ ಮಧುಮೇಹಿಗಳಲ್ಲೂ ಇದೆಯೆಂದು ಗೊತ್ತಾದ ಕೀಲಿನ ರೋಗ ಅದು. ಒಳಗೆ ಮೂಳೆಗಳು ಮೆದುವಾಗಿ ಮುರಿಯುತ್ತಿರುತ್ತವೆ, ನೋವು ಮಾತ್ರ ಅಷ್ಟಾಗಿ ಇರುವುದಿಲ್ಲ. ಎಣ್ಣೆ ಹಚ್ಚಿ ಉಳುಕು ತೆಗೆಸುತ್ತ, ಓಡಾಡುತ್ತ ಇದ್ದರೆ ಕೆಲವೇ ವಾರಗಳಲ್ಲಿ ಪಾದದ ಕಮಾನು ಕುಸಿದುಬಿಡಬಹುದು. ಇದಕ್ಕೂ ಕೂಡಲೇ ಬೇಕಾದದ್ದು ಪ್ಲಾಸ್ಟರೇ.

ನಮ್ಮ ಅಭ್ಯಾಸಗಳೂ ಇಂಥ ಪಾದಕ್ಕೆ ಒಗ್ಗುವುದಿಲ್ಲ. ಮಟಮಟ ಮಧ್ಯಾಹ್ನ ಕಾದ ಕಲ್ಲುಹಾಸಿನ ಮೇಲೆ ಬರಿಗಾಲ ಪ್ರದಕ್ಷಿಣೆ, ಜೋಮಿಗೆಂದು ಬಿಸಿನೀರಿನ ಶಾಖ, ಬ್ಲೇಡಿನಿಂದ ಆಣಿ ಕೊಯ್ದುಕೊಳ್ಳುವುದು, ಅಂಗಡಿಯ ಆಣಿಪಟ್ಟಿ ಅಂಟಿಸುವುದು, ಇವೆಲ್ಲ ಹುಣ್ಣಿಗೆ ದಾರಿ. ವೆಲ್ಲೂರಿನ ರೋಗಿಗಳಿಗೆ ಹೇಳಿಕೊಟ್ಟದ್ದು ಹೀಗಿತ್ತು: ದಿನವೂ ಅಂಗಾಲು ನೋಡಿಕೊಳ್ಳಿ, ಮೆಟ್ಟುವ ಮುನ್ನ ಚಪ್ಪಲಿಯೊಳಗೆ ಕೈಯಾಡಿಸಿ. ಅಂಗಾಲು ಕಾಣದವರು ಕನ್ನಡಿ ಇಡಬಹುದು, ಇಲ್ಲವೇ ಮನೆಯವರಿಂದ ನೋಡಿಸಬಹುದು.

ಬ್ರಾಂಡ್ 2003ರಲ್ಲಿ ಸಿಯಾಟಲ್‌ನಲ್ಲಿ ತೀರಿಕೊಂಡರು. 2005ರ ಡಿಸೆಂಬರಿನ ಹೊತ್ತಿಗೆ ಭಾರತದಲ್ಲಿ ಕುಷ್ಠರೋಗದ ಪ್ರಮಾಣ ರಾಷ್ಟ್ರಮಟ್ಟದಲ್ಲಿ 10,000 ಮಂದಿಗೆ ಒಂದಕ್ಕಿಂತ ಕೆಳಗಿಳಿಯಿತು. ಆದರೆ ಔಷಧಿಯಿಂದ ರೋಗ ವಾಸಿಯಾದರೂ ಸತ್ತ ನರ ಮರಳುವುದಿಲ್ಲವಾದ್ದರಿಂದ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮದಲ್ಲಿ ಎಂ.ಸಿ.ಆರ್. ಚಪ್ಪಲಿಯನ್ನು ಉಚಿತವಾಗಿ ಕೊಡುವುದು ಮುಂದುವರಿದಿದೆ. ಅದೇ ರಬ್ಬರಿನ ಚಪ್ಪಲಿ ನಗರಗಳ ಅಂಗಡಿಗಳಲ್ಲಿ ಮಧುಮೇಹಿಗಳ ಪಾದರಕ್ಷೆ ಎಂಬ ಹೆಸರಿನಲ್ಲಿ, ನಾನಾ ಬಣ್ಣ ಮತ್ತು ನಮೂನೆಗಳಲ್ಲಿ ಮಾರಾಟವಾಗುತ್ತಿದೆ.