ನಾರ್ಮಲ್ಲಾ, ಪ್ರೀಮಿಯಮ್ಮಾ ಸಾರ್?

ಪೆಟ್ರೋಲ್ ಬಂಕ್‌ನಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಕಿವಿಗೆ ಬೀಳೋ ಪ್ರಶ್ನೆ ಇದು. ಹಿಂದೆ ನಾಲ್ಕು ಗಾಡಿ ಹಾರ್ನ್ ಹೊಡೀತಿರ್ತವೆ, ಯೋಚನೆ ಮಾಡೋಕೆ ಪುರುಸೊತ್ತಿಲ್ಲ. ಸಾಲ ಮಾಡಿ ತಗೊಂಡ ಕಾರು, ಇಎಂಐ ಇನ್ನೂ ನಾಲ್ಕು ವರ್ಷ ಇದೆ, ಒಳ್ಳೇದೇ ಹಾಕ್ಸೋಣ ಅಂತ 'ಪ್ರೀಮಿಯಂ ಹಾಕಪ್ಪಾ' ಅಂದುಬಿಡ್ತೀವಿ. ಮಗನ ತಟ್ಟೆಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕ್ತೀವಲ್ಲ, ಹಾಗೆ.

ವೀಕ್ಷಕರೇ, ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. ಅದನ್ನು ಮೊದಲು ಹುಟ್ಟುಹಾಕಿದವರು ಪೆಟ್ರೋಲ್ ಜೊತೆಗೆ ಏನು ಬೆರೆಸಿ ಮಾರಿದ್ರು ಅಂತ ಗೊತ್ತಾದರೆ, ಆ 'ಪ್ರೀಮಿಯಂ' ಅನ್ನೋ ಬೋರ್ಡನ್ನು ನೀವು ಮೊದಲಿನ ಹಾಗೆ ನೋಡೋದಿಲ್ಲ.

ಮೊದಲು ಸ್ವಲ್ಪ ಇಂಜಿನ್ ವಿಷಯ. ನಾನು ಇಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನ ಆಗಲಿ. ಸಿಲಿಂಡರ್ ಒಳಗೆ ಗಾಳಿ ಮತ್ತು ಪೆಟ್ರೋಲ್ ಮಿಶ್ರಣವನ್ನು ಪಿಸ್ಟನ್ ಒತ್ತುತ್ತೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತೆ. ಬೆಂಕಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕ್ರಮವಾಗಿ ಹರಡಬೇಕು. ಆದರೆ ಒತ್ತಡ, ಬಿಸಿ ಜಾಸ್ತಿಯಾದಾಗ ಆ ಕೊನೆಯ ಮೂಲೆಯ ಮಿಶ್ರಣ ಬೆಂಕಿ ಬರೋವರೆಗೂ ಕಾಯೋದಿಲ್ಲ, ತಾನಾಗೇ ಸಿಡಿಯುತ್ತೆ. ಆಗ ಸುತ್ತಿಗೆಯಲ್ಲಿ ಹೊಡೆದ ಹಾಗೆ ಟಕ್ ಟಕ್ ಸದ್ದು. ಇದೇ ನಾಕಿಂಗ್. ಜೋರಾದರೆ ಪಿಸ್ಟನ್ನೇ ಹಾಳಾಗುತ್ತೆ. ಹೀಗೆ ತಾನಾಗಿ ಸಿಡಿಯದೆ ತಡೆದುಕೊಳ್ಳೋ ಗುಣಕ್ಕೆ ಕೊಡೋ ಅಂಕವೇ ಆಕ್ಟೇನ್. ಅದು ತಾಳ್ಮೆಯ ಅಳತೆ. ಶಕ್ತಿಯ ಅಳತೆ ಅಂತ ನಾವು ಅಂದುಕೊಂಡಿದ್ದೀವಿ, ಜಾಹೀರಾತು ಕೂಡ ನಾವು ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟಿದೆ.

ಈಗ 1920ರ ಸುಮಾರಿನ ಅಮೆರಿಕಕ್ಕೆ ಬನ್ನಿ. ಕಾರು ಕಂಪನಿಗಳಿಗೆಲ್ಲ ನಾಕಿಂಗ್ ತಲೆನೋವು. ಆಗಿನ ಫೋರ್ಡ್ ಮಾಡೆಲ್ ಟಿ ಕಾರಿನ ಕಂಪ್ರೆಷನ್ ಅನುಪಾತ ಸುಮಾರು 4ಕ್ಕೆ 1. ಇವತ್ತು ನಮ್ಮ ಸಾಮಾನ್ಯ ಕಾರುಗಳಲ್ಲೇ 10ಕ್ಕೆ 1, 11ಕ್ಕೆ 1 ಇರುತ್ತೆ. ಅನುಪಾತ ಏರಿಸಿದರೆ ಪವರ್ ಬರುತ್ತೆ, ಮೈಲೇಜೂ ಬರುತ್ತೆ, ಆದರೆ ನಾಕಿಂಗ್ ಬಿಡೋದಿಲ್ಲ. ಜನರಲ್ ಮೋಟಾರ್ಸ್‌ನ ಸಂಶೋಧನಾ ವಿಭಾಗದ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್. ಹ್ಯಾಂಡಲ್ ತಿರುಗಿಸೋ ಕಷ್ಟ ತಪ್ಪಿಸಿ ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟ ಮಹಾಶಯ ಇವರೇ. ಇವರ ಕೈಕೆಳಗಿದ್ದ ಥಾಮಸ್ ಮಿಡ್ಗ್ಲಿ ಸಿಕ್ಕ ಸಿಕ್ಕ ರಾಸಾಯನಿಕವನ್ನೆಲ್ಲ ಪೆಟ್ರೋಲಿಗೆ ಬೆರೆಸಿ ನೋಡಿದರು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಸಿಕ್ಕಿತು. ಅಂದ್ರೆ ಸೀಸದ ಒಂದು ಸಂಯುಕ್ತ. ಚೂರೇ ಚೂರು ಬೆರೆಸಿದರೂ ಸಾಕು, ನಾಕಿಂಗ್ ಮಾಯ!

ಇಲ್ಲೊಂದು ವಿಷಯ ಗಮನಿಸಿ. ಅದೇ ಕೆಲಸ ಮಾಡೋ ಇನ್ನೊಂದು ವಸ್ತು ಅವರಿಗೆ ಗೊತ್ತಿತ್ತು. ಮದ್ಯಸಾರ, ಅಂದ್ರೆ ಎಥನಾಲ್. ಜೋಳದಿಂದ, ಕಬ್ಬಿನಿಂದ ತೆಗೆಯೋದು. ಅದನ್ನೂ ಅವರೇ ಪರೀಕ್ಷೆ ಮಾಡಿದ್ದರು, ಕೆಲಸ ಮಾಡುತ್ತೆ ಅಂತಲೂ ಗೊತ್ತಿತ್ತು. ಆದರೆ ಯಾರು ಬೇಕಾದರೂ ಭಟ್ಟಿ ಇಳಿಸಬಹುದಾದ ಎಥನಾಲ್ ಒಂದು ಕಂಪನಿಯ ಸ್ವತ್ತಾಗೋದು ಹೇಗೆ? ಸೀಸದ ಬೆರಕೆಗೆ ಪೇಟೆಂಟ್ ಸಿಗುತ್ತೆ, ಲೀಟರ್ ಲೀಟರಿಗೂ ಲಾಭ ಬರುತ್ತೆ. ಯಾವುದನ್ನು ಆರಿಸಿಕೊಂಡರು ಅಂತ ಹೇಳಬೇಕಾ?

1923ರ ಫೆಬ್ರವರಿ 2ರಂದು ಓಹಾಯೋ ರಾಜ್ಯದ ಡೇಟನ್ ಊರಿನ ಒಂದು ಬಂಕ್‌ನಲ್ಲಿ ಈ ಹೊಸ ಪೆಟ್ರೋಲ್ ಮಾರಾಟ ಶುರುವಾಯ್ತು. ಹೆಸರು 'ಎಥಿಲ್'. ಕೇಳೋಕೆ ಯಾವುದೋ ಹೆಣ್ಣುಮಗಳ ಹೆಸರಿನ ಥರ ಇದೆ. ಸೀಸ ಅನ್ನೋ ಪದ ಹೆಸರಲ್ಲೆಲ್ಲೂ ಇಲ್ಲ. ಸೀಸ ವಿಷ ಅನ್ನೋದು ವೈದ್ಯರಿಗೆ ಆಗಲೇ ಹೊಸ ಸುದ್ದಿಯೇನೂ ಆಗಿರಲಿಲ್ಲ. ಮಾಮೂಲಿ ಪೆಟ್ರೋಲಿಗಿಂತ ಗ್ಯಾಲನ್‌ಗೆ ಕೆಲವು ಸೆಂಟ್ ಜಾಸ್ತಿ. ನಾವು ಇವತ್ತು ಕರೆಯೋ ಪ್ರೀಮಿಯಂ ಪೆಟ್ರೋಲ್ ಹುಟ್ಟಿದ್ದು ಹೀಗೆ.

1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ, ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ರಿಫೈನರಿಯಲ್ಲಿ ಇದನ್ನು ತಯಾರಿಸುತ್ತಿದ್ದ ಕಾರ್ಮಿಕರಿಗೆ ಒಬ್ಬೊಬ್ಬರಿಗೇ ಬುದ್ಧಿ ಕೆಡೋಕೆ ಶುರುವಾಯ್ತು. ಇಲ್ಲದ್ದನ್ನು ಕಂಡು ಕಿರುಚಾಟ, ಕಟ್ಟಿಹಾಕಿ ಆಸ್ಪತ್ರೆಗೆ ಒಯ್ಯೋ ಪರಿಸ್ಥಿತಿ. ಐದು ಜನ ಸತ್ತರು. ಬೇರೆ ಕಾರ್ಖಾನೆಗಳಲ್ಲೂ ಹೀಗೇ ಸಾವಾಗಿತ್ತು. ಪತ್ರಿಕೆಗಳು ಇದಕ್ಕೆ 'ಹುಚ್ಚು ಗ್ಯಾಸ್' ಅಂತ ಹೆಸರಿಟ್ಟವು. ಅಕ್ಟೋಬರ್ 30ರಂದು ಮಿಡ್ಗ್ಲಿ ಪತ್ರಿಕಾಗೋಷ್ಠಿ ಕರೆದು, ಅದೇ ದ್ರವದಲ್ಲಿ ಕೈ ತೊಳೆದು, ಬಾಟಲಿ ಮೂಗಿಗೆ ಹಿಡಿದು ಒಂದು ನಿಮಿಷ ಮೂಸಿ ತೋರಿಸಿದರು. ನೋಡಿ, ನನಗೇನೂ ಆಗಿಲ್ಲ ಅಂತ! ಅದಕ್ಕೂ ಮುಂಚಿನ ವರ್ಷವೇ ಇದೇ ಸೀಸದ ವಿಷ ಮೈಗೇರಿ ಅವರು ಫ್ಲೋರಿಡಾಕ್ಕೆ ವಿಶ್ರಾಂತಿಗೆ ಹೋಗಿಬಂದಿದ್ದರು. ಆ ವಿಷಯ ಗೋಷ್ಠಿಯಲ್ಲಿ ಬರಲಿಲ್ಲ. ಕ್ಯಾಮೆರಾ ಮುಂದೆ ಇಂಥ ಪ್ರದರ್ಶನ ಮಾಡೋರನ್ನು ನನ್ನ ವೃತ್ತಿಯಲ್ಲಿ ಬೇಕಾದಷ್ಟು ನೋಡಿದ್ದೀನಿ, ಆದರೆ ಇವರನ್ನು ಮೀರಿಸಿದವರಿಲ್ಲ.

1925ರ ಮೇ 20ರಂದು ವಾಷಿಂಗ್ಟನ್‌ನಲ್ಲಿ ಸರ್ಕಾರ ಸಭೆ ಕರೆಯಿತು. ಹಾರ್ವರ್ಡ್‌ನ ಆಲಿಸ್ ಹ್ಯಾಮಿಲ್ಟನ್, ಯೇಲ್‌ನ ಯಾಂಡೆಲ್ ಹೆಂಡರ್ಸನ್ ಎದ್ದು ನಿಂತು ಹೇಳಿದರು: ಇದು ಕಾರ್ಖಾನೆಗೆ ಮುಗಿಯೋ ವಿಷಯ ಅಲ್ಲ, ಕಾರಿನ ಹೊಗೆಯಲ್ಲಿ ಬೀದಿ ಬೀದಿಗೂ ಸೀಸ ಬೀಳುತ್ತೆ. ಕಂಪನಿ ಕಡೆಯವರು ಇದನ್ನು ದೇವರ ಕೊಡುಗೆ ಅಂತ ಬಣ್ಣಿಸಿದರು. ತಜ್ಞರ ಸಮಿತಿಯೊಂದು ಕೆಲವೇ ತಿಂಗಳು ಪರೀಕ್ಷೆ ಮಾಡಿ, ನಿಷೇಧಿಸೋಕೆ ಸಾಕಷ್ಟು ಕಾರಣ ಇಲ್ಲ ಅಂತ ವರದಿ ಕೊಟ್ಟಿತು. 1926ರಲ್ಲಿ ಮತ್ತೆ ಮಾರಾಟ ಶುರು. ಮುಂದೆ ಮಾಮೂಲಿ ಪೆಟ್ರೋಲಿಗೂ ಸೀಸ ಬಂತು, ಪ್ರೀಮಿಯಂಗೆ ಇನ್ನೂ ಜಾಸ್ತಿ ಬಿತ್ತು.

ಅಂಕ ಕೊಡೋ ಪದ್ಧತಿ ಬಂದಿದ್ದೂ ಅದೇ ಕಾಲದಲ್ಲಿ, ಅದೇ ಎಥಿಲ್ ಕಂಪನಿಯ ಗ್ರಹಾಂ ಎಡ್ಗರ್ ಎಂಬ ವಿಜ್ಞಾನಿಯಿಂದ. ಐಸೋ-ಆಕ್ಟೇನ್‌ಗೆ 100 ಅಂಕ, ಹೆಪ್ಟೇನ್‌ಗೆ ಸೊನ್ನೆ. ಆ ಸೊನ್ನೆಯ ಹೆಪ್ಟೇನ್ ಸಿಗ್ತಾ ಇದ್ದಿದ್ದು ಕ್ಯಾಲಿಫೋರ್ನಿಯಾ ಕಡೆಯ ಒಂದು ಪೈನ್ ಮರದ ರಸದಲ್ಲಿ! ಹೆಚ್ಚು ಆಕ್ಟೇನ್‌ನ ಬೆಲೆ ನಿಜವಾಗಿ ಗೊತ್ತಾಗಿದ್ದು ಯುದ್ಧದಲ್ಲಿ. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳು 87ರ ಬದಲು 100 ಆಕ್ಟೇನ್ ಇಂಧನ ಬಳಸಿದವು. ಇಂಜಿನ್ನಿಗೆ ಇನ್ನಷ್ಟು ಒತ್ತಡ ಹಾಕೋಕೆ ಅದರಿಂದ ಸಾಧ್ಯವಾಯ್ತು. ಅಲ್ಲಿ ಪ್ರೀಮಿಯಂ ಸಾರ್ಥಕ. ನಮ್ಮ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ?

ಸೀಸದ ಕಥೆಗೆ ತಿರುವು ಕೊಟ್ಟವರು ಕ್ಲೇರ್ ಪ್ಯಾಟರ್ಸನ್. ಭೂಮಿಗೆ ಸುಮಾರು 455 ಕೋಟಿ ವರ್ಷ ಅಂತ ಲೆಕ್ಕ ಹಾಕಿದ ವಿಜ್ಞಾನಿ. ಆ ಲೆಕ್ಕಕ್ಕೆ ಸೀಸ ಅಳೆಯೋಕೆ ಹೋದರೆ, ಪ್ರಯೋಗಾಲಯದಲ್ಲಿ ಮುಟ್ಟಿದ್ದಕ್ಕೆಲ್ಲ ಸೀಸ ಅಂಟಿರೋದು ಕಂಡಿತು. ಎಲ್ಲಿಂದ ಬಂತು ಅಂತ ಬೆನ್ನು ಹತ್ತಿದರು. 1965ರಲ್ಲಿ ಅವರು ಬರೆದ ಲೇಖನ ಉದ್ಯಮದ ನಿದ್ದೆ ಕೆಡಿಸಿತು. ಮುಂದೆ ಮಕ್ಕಳ ಬುದ್ಧಿ ಬೆಳವಣಿಗೆಗೆ ಸೀಸ ಪೆಟ್ಟು ಕೊಡುತ್ತೆ ಅನ್ನೋದು ಖಚಿತವಾಯ್ತು. 1975ರಿಂದ ಅಮೆರಿಕದ ಹೊಸ ಕಾರುಗಳಿಗೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಅದಕ್ಕೆ ಸೀಸ ಆಗಿಬರೋದಿಲ್ಲ. ಜಗತ್ತಿನಲ್ಲಿ ಕೊನೆಯದಾಗಿ ಕಾರಿಗೆ ಸೀಸದ ಪೆಟ್ರೋಲ್ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ.

ನಾವೇನೂ ತೀರಾ ಮುಂದಿರಲಿಲ್ಲ. 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಗೆ ಸೀಸರಹಿತ ಪೆಟ್ರೋಲ್ ಬಂತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. 1999ರ ಫೆಬ್ರವರಿಯಲ್ಲಿ ಸೀಸದ ವಿಷದ ಬಗ್ಗೆ ಬೆಂಗಳೂರಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಇಲ್ಲಿನ ಜಾರ್ಜ್ ಫೌಂಡೇಶನ್ ದೇಶದ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿತ್ತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳ ರಕ್ತದಲ್ಲಿ, ಆಗ ಅಪಾಯದ ಗೆರೆ ಅಂತ ಇಟ್ಟುಕೊಂಡಿದ್ದ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇತ್ತು. ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದ ಫೆಬ್ರವರಿಯಲ್ಲಿ. ಆ ಮಕ್ಕಳೇ ಇವತ್ತು ಬಂಕ್‌ನಲ್ಲಿ ನನ್ನ ನಿಮ್ಮ ಹಾಗೆ ಕಾರು ನಿಲ್ಲಿಸ್ತಿರೋದು.

ಸೀಸ ಹೋದರೂ ಪ್ರಶ್ನೆ ಉಳೀತು. 2002ರ ಹೊತ್ತಿಗೆ ನಮ್ಮ ತೈಲ ಕಂಪನಿಗಳು 'ಸ್ಪೀಡ್', 'ಪವರ್' ಅಂತ ಬ್ರಾಂಡ್ ಹೆಸರಿನ ಪೆಟ್ರೋಲ್ ತಂದವು. ಇವುಗಳಲ್ಲಿ ಇಂಜಿನ್ ಶುಚಿ ಮಾಡೋ ರಾಸಾಯನಿಕ ಇರುತ್ತೆ, ಅದು ಸುಳ್ಳಲ್ಲ. 2020ರ ಡಿಸೆಂಬರ್‌ನಲ್ಲಿ 100 ಆಕ್ಟೇನ್ ಕೂಡ ಬಂತು. ಇವೆಲ್ಲ ಬೇಕಾ? ಅಮೆರಿಕದ ವಾಹನ ಚಾಲಕರ ಸಂಘ ಎಎಎ 2016ರಲ್ಲಿ ಪರೀಕ್ಷೆ ಮಾಡಿತು. ಮಾಮೂಲಿ ಪೆಟ್ರೋಲಿಗೆ ಮಾಡಿದ ಕಾರಿಗೆ ಪ್ರೀಮಿಯಂ ಹಾಕಿದರೆ ಪವರ್‌ನಲ್ಲೂ ಇಲ್ಲ, ಮೈಲೇಜಲ್ಲೂ ಇಲ್ಲ, ಹೊಗೆಯಲ್ಲೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಒಂದು ವರ್ಷದಲ್ಲಿ ಅಲ್ಲಿನವರು ಹೀಗೆ ಸುಮ್ಮನೆ ಸುರಿದ ದುಡ್ಡು 210 ಕೋಟಿ ಡಾಲರ್!

ಯಾರಿಗೆ ಬೇಕು ಹಾಗಾದ್ರೆ? ಮ್ಯಾನ್ಯುಯಲ್‌ನಲ್ಲಿ 95 ಅಥವಾ 97 ಬೇಕೇ ಬೇಕು ಅಂತ ಬರೆದಿರೋ ದೊಡ್ಡ ಟರ್ಬೊ ಕಾರು, ಕೆಲವು ಸೂಪರ್‌ಬೈಕು, ಅವರಿಗೆ ಬೇಕು. ಅಂಥ ಗಾಡಿಗೆ ಕಡಿಮೆ ಹಾಕಿದರೆ ನಾಕ್ ಸೆನ್ಸರ್ ಎಚ್ಚರಾಗಿ ಕಿಡಿಯನ್ನು ತಡಮಾಡುತ್ತೆ, ಇಂಜಿನ್ ಉಳಿಯುತ್ತೆ, ಪವರ್ ಇಳಿಯುತ್ತೆ. ಟ್ಯಾಂಕ್ ಮುಚ್ಚಳದ ಒಳಗೇ ಸ್ಟಿಕ್ಕರ್ ಅಂಟಿಸಿರ್ತಾರೆ, ಬಗ್ಗಿ ಓದಿ. ಒಂದು ಎಚ್ಚರಿಕೆ: ಅಮೆರಿಕದ ಯೂಟ್ಯೂಬ್ ನೋಡಿ ಗಾಬರಿ ಆಗಬೇಡಿ. ಅವರ ಅಳತೆ ಬೇರೆ, ಅಲ್ಲಿನ 87 ಹೆಚ್ಚೂ ಕಡಿಮೆ ನಮ್ಮ 91.

ಇನ್ನು ಇವತ್ತಿನ ಮಾಮೂಲಿ ಪೆಟ್ರೋಲ್. ಅದರಲ್ಲಿ ಈಗ ಶೇ. 20ರಷ್ಟು ಎಥನಾಲ್ ಇದೆ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಲೆಕ್ಕದ ಪ್ರಕಾರ ಎಥನಾಲ್‌ನ ಆಕ್ಟೇನ್ ಸುಮಾರು 108, ಬೆರಕೆಯಿಂದ ಪೆಟ್ರೋಲಿನ ಆಕ್ಟೇನ್ 91ರಿಂದ 95ರ ಹತ್ತಿರ ಬಂದಿದೆ. ಆದರೆ ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಆಕ್ಟೇನ್ ಏರಿತು, ಮೈಲೇಜ್ ಇಳೀತು ಅಂತ ಜನ ಬೈಯ್ತಾ ಇರೋದು ಅದಕ್ಕೇ. ಮಿಡ್ಗ್ಲಿ, ಕೆಟರಿಂಗ್ ಪೇಟೆಂಟ್ ಸಿಗಲ್ಲ ಅಂತ ಪಕ್ಕಕ್ಕಿಟ್ಟ ಮದ್ಯಸಾರ, ನೂರು ವರ್ಷ ಆದ್ಮೇಲೆ ಮಂಡ್ಯದ, ಬೆಳಗಾವಿಯ ಕಬ್ಬಿನ ಗದ್ದೆ ಹಾದು, ಕೇಳದೇನೇ ನಮ್ಮ ಟ್ಯಾಂಕಿಗೆ ಬಂದು ಸೇರಿದೆ. ಅದೂ 'ನಾರ್ಮಲ್' ಅನ್ನೋ ಹೆಸರಲ್ಲಿ.