ಚಿನ್ನದೂರಿನ ದ್ರಾಕ್ಷಿ ಜಾಡಿ
ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಇಳಿದ ಮೇಲೆ ಬ್ರಿಟಿಷರೂ ಆಂಗ್ಲೊ ಇಂಡಿಯನ್ನರೂ ಬಂದು ನೆಲೆಸಿದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂತು. ಕ್ರಿಸ್‌ಮಸ್‌ಗೆ ಮನೆಯಲ್ಲೇ ವೈನ್ ಮಾಡಿ ಹಂಚುವುದು ಇಲ್ಲಿನ ಆಂಗ್ಲೊ ಇಂಡಿಯನ್ ಮನೆಗಳ ರೂಢಿ.

ಮಾಡುವ ಕ್ರಮ ಸರಳ, ಬೇಕಾದದ್ದು ತಾಳ್ಮೆ. ಕಪ್ಪು ದ್ರಾಕ್ಷಿಯನ್ನು ಕಿವುಚಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಚಿಟಿಕೆ ಯೀಸ್ಟ್, ಹಿಡಿ ಗೋಧಿ, ಲವಂಗ, ಚಕ್ಕೆ ಸೇರಿಸಿ ಪಿಂಗಾಣಿ ಜಾಡಿಗೆ ತುಂಬುತ್ತಾರೆ. ಬಾಯಿಗೆ ಬಟ್ಟೆ ಕಟ್ಟಿ, ಮರದ ಸೌಟಿನಿಂದ ದಿನವೂ ಕದಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಹೊರಬಿಡುತ್ತದೆ; ಏಳುವ ಗುಳ್ಳೆಗಳೇ ಅದಕ್ಕೆ ಸಾಕ್ಷಿ. ಮೂರು ವಾರದ ಬಳಿಕ ಸೋಸಿ, ಬಣ್ಣಕ್ಕೆ ಸುಟ್ಟ ಸಕ್ಕರೆಯ ಪಾಕ ಬೆರೆಸಿ ಬಾಟಲಿಗೆ ಇಳಿಸುತ್ತಾರೆ.

ನಿಜವಾದ ಪರೀಕ್ಷೆ ಹಬ್ಬದ ದಿನ. ಕುಲ್‌ಕುಲ್, ರೋಸ್ ಕುಕಿ, ಕೇಕಿನ ತಟ್ಟೆಯ ಜೊತೆ ಮನೆಯ ವೈನೂ ಬಂದವರ ಮುಂದೆ ಬರುತ್ತದೆ. ಒಂದು ಮನೆಯದು ಸಿಹಿ, ಇನ್ನೊಂದರದು ಒಗರು, ಮತ್ತೊಂದರಲ್ಲಿ ಶುಂಠಿಯ ಖಾರ. ಅಳತೆ ಒಂದೇ ಆದರೂ ರುಚಿ ಒಂದೇ ಆಗದು. ಹಣ್ಣಿನ ಮಾಗು, ಆ ವರ್ಷದ ಚಳಿ, ಮಾಡಿದವರ ಕೈಗುಣ ಎಲ್ಲವೂ ಅದರಲ್ಲಿ ಸೇರಿರುತ್ತವೆ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಮೊದಲೇ ಕರಗುತ್ತಿದ್ದ ಸಮುದಾಯ ಬೆಂಗಳೂರಿಗೆ, ಆಸ್ಟ್ರೇಲಿಯಾಕ್ಕೆ, ಇಂಗ್ಲೆಂಡಿಗೆ ಚದುರಿತು. ಕೆಜಿಎಫ್‌ನಲ್ಲಿ ಹುಟ್ಟಿದ ಬ್ರಿಜೆಟ್ ವೈಟ್ ಕುಮಾರ್ ಆಂಗ್ಲೊ ಇಂಡಿಯನ್ ಅಡುಗೆಯನ್ನು ಪುಸ್ತಕಗಳಲ್ಲಿ ದಾಖಲಿಸಿದ್ದಾರೆ. ಅಳತೆ ಹಾಗೆ ಉಳಿದೀತು. ಆದರೆ ಒಂದು ಗುಟುಕು ಕುಡಿದು ‘ಈ ಸಲ ಸಕ್ಕರೆ ಮುಂದಾಯಿತು’ ಎನ್ನಲು ಪಕ್ಕದ ಮನೆಯವರೇ ಬೇಕು.