ಕುಲುಮೆಯ ಬಣ್ಣದಿಂದ ಪರದೆಯ ಗೆರೆಗೆ

1923ರ ಜನವರಿಯಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಕಬ್ಬಿಣ ಇಳಿಸತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ಬಣ್ಣ ನೋಡಿ ಬಿಸಿ ಹೇಳುವುದು ಎರಕದವರ ಹಳೆಯ ವಿದ್ಯೆ. ಪಳಗಿದ ಕಣ್ಣಿನ ಅಂದಾಜು ಬೆಲೆಬಾಳುವಂಥದ್ದೇ. ಆದರೆ ಆ ಕಣ್ಣನ್ನು ಮುಂದಿನ ಪಾಳಿಯವನಿಗೆ ಕೊಟ್ಟುಹೋಗಲು ಬರುವುದಿಲ್ಲ.

ಕೊಟ್ಟುಹೋಗುವ ದಾರಿ ತೆರೆದದ್ದು ಥರ್ಮೋಕಪಲ್. ಎರಡು ಬೇರೆ ಲೋಹದ ತಂತಿಗಳನ್ನು ಬೆಸೆದು ಆ ಬೆಸುಗೆಯನ್ನು ಕಾಯಿಸಿದರೆ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ. ಇದರ ಮೂಲ ವಿಜ್ಞಾನಿ ಸೀಬೆಕ್ 1821ರಲ್ಲಿ ಕಂಡುಕೊಂಡ ಪರಿಣಾಮ. ಆ ವಿದ್ಯುತ್ತು ಮೊದಲು ಮುಳ್ಳನ್ನು ಅಲುಗಾಡಿಸಿತು, ಆಮೇಲೆ ಉರುಳುವ ಕಾಗದದ ಮೇಲೆ ಗೆರೆ ಎಳೆಯಿತು. ಗೆರೆಯನ್ನು ಓದಿ ಲೆಕ್ಕ ಹಾಕುವ ಕೆಲಸ ಮಾತ್ರ ಮನುಷ್ಯನಿಗೇ ಉಳಿಯಿತು.

ಅದನ್ನೂ ಕಂಪ್ಯೂಟರಿಗೆ ಒಪ್ಪಿಸುವ ಪ್ರಯತ್ನದಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ 1976ರಲ್ಲಿ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಶುರುವಾಯಿತು. ಅದರ ಲ್ಯಾಬ್‌ವ್ಯೂ ತಂತ್ರಾಂಶ 1986ರಲ್ಲಿ ಮ್ಯಾಕಿಂತಾಷ್‌ಗೆ, 1992ರಲ್ಲಿ ವಿಂಡೋಸ್‌ಗೆ ಬಂತು. ಇಲ್ಲಿ ಪ್ರೋಗ್ರಾಮನ್ನು ಬರೆಯುವುದಿಲ್ಲ, ಬಿಡಿಸುತ್ತಾರೆ: ಚೌಕಗಳು, ಅವುಗಳ ನಡುವೆ ಬಣ್ಣದ ತಂತಿಗಳು. ದಶಮಾಂಶ ಸಂಖ್ಯೆಗೆ ಕಿತ್ತಳೆ, ಪೂರ್ಣಾಂಕಕ್ಕೆ ನೀಲಿ, ಹೌದು-ಅಲ್ಲಗಳಿಗೆ ಹಸಿರು. ಆಮೇಲೆ ಯುಎಸ್‌ಬಿಗೆ ಸಿಕ್ಕಿಸುವ, ತಂತಿಯ ಸಂಕೇತವನ್ನು ಅಂಕಿಯಾಗಿಸಿ ಕಂಪ್ಯೂಟರಿಗೆ ಒಪ್ಪಿಸುವ ಅಗ್ಗದ ಡ್ಯಾಕ್ ಪೆಟ್ಟಿಗೆಗಳು ಬಂದವು. 2005ರಲ್ಲಿ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಫಲಕ ಬಂತು. 2020ರಲ್ಲಿ ಲ್ಯಾಬ್‌ವ್ಯೂದ ಉಚಿತ ಕಮ್ಯುನಿಟಿ ಆವೃತ್ತಿಯೂ ಸಿಕ್ಕಿತು. ಶಿವಮೊಗ್ಗದ ನವುಲೆಯ ಜೆಎನ್‌ಎನ್ ಕಾಲೇಜಿನ ವಿದ್ಯಾರ್ಥಿಗಾಗಲಿ ಮಾಚೇನಹಳ್ಳಿಯ ಫೌಂಡ್ರಿಯ ಹುಡುಗನಿಗಾಗಲಿ ಈಗ ದುಡ್ಡು ದೊಡ್ಡ ಅಡ್ಡಿಯಲ್ಲ.

ಅಡ್ಡಿ ಇರುವುದು ತಂತಿ ಕೂಡುವ ಜಾಗದಲ್ಲಿ. ಸಾವಿರ ಡಿಗ್ರಿಯಲ್ಲಿ ಕೆ-ಮಾದರಿಯ ಥರ್ಮೋಕಪಲ್ ಕೊಡುವುದು ಸುಮಾರು 41 ಮಿಲಿವೋಲ್ಟ್ ಮಾತ್ರ. ಆರ್ಡುಯಿನೋ ಊನೋ 5 ವೋಲ್ಟನ್ನು 1024 ಮೆಟ್ಟಿಲಾಗಿ ಕತ್ತರಿಸುತ್ತದೆ, ಒಂದು ಮೆಟ್ಟಿಲು ಹತ್ತಿರ ಹತ್ತಿರ 4.9 ಮಿಲಿವೋಲ್ಟ್. ತಂತಿಯನ್ನು ನೇರ ಸಿಕ್ಕಿಸಿದರೆ ಪರದೆಯ ಮೇಲೆ ಬಿಸಿ 120 ಡಿಗ್ರಿಯಷ್ಟು ಕುಪ್ಪಳಿಸುತ್ತದೆ. 12 ಬಿಟ್‌ನ ಯುಎಸ್‌ಬಿ-6008 ಡ್ಯಾಕ್ ಪೆಟ್ಟಿಗೆ ತಂದರೂ, ವ್ಯಾಪ್ತಿಯನ್ನು ±10 ವೋಲ್ಟ್‌ನಲ್ಲೇ ಬಿಟ್ಟರೆ ಮೆಟ್ಟಿಲು ಅಷ್ಟೇ ಎತ್ತರ! ±1 ವೋಲ್ಟ್‌ಗೆ ಇಳಿಸಿದರೆ ಕುಪ್ಪಳಿಕೆ 12 ಡಿಗ್ರಿಗೆ ಇಳಿಯುತ್ತದೆ. ಮ್ಯಾಕ್ಸ್31855 ಚಿಪ್ ನಡುವೆ ಇಟ್ಟರೆ ಕಾಲು ಡಿಗ್ರಿ. ಕೋಣೆಯ ಬಿಸಿಯ ಲೆಕ್ಕವನ್ನೂ ಅದೇ ಸರಿದೂಗಿಸುತ್ತದೆ. ಆದರೆ ಅದು ಡಿಜಿಟಲ್ ಭಾಷೆಯಲ್ಲಿ ಮಾತಾಡುವುದರಿಂದ ಆರ್ಡುಯಿನೋದ ಜೊತೆಗೇ ಹೊಂದುವುದು ಸುಲಭ. ಕರಗಿದ ಕಬ್ಬಿಣಕ್ಕೆ ಮಾತ್ರ ಕೆ-ಮಾದರಿ ಸಾಲದು. ಅಲ್ಲಿ ಪ್ಲಾಟಿನಂ-ರೋಡಿಯಂ ತಂತಿಯೇ ಬೇಕು.

ಡ್ಯಾಕ್ ಪೆಟ್ಟಿಗೆ ಕೊಂಡವರು ಮೊದಲು ಲ್ಯಾಬ್‌ವ್ಯೂ, ಆಮೇಲೆ ಡ್ಯಾಕ್‌ಎಮ್‌ಎಕ್ಸ್ ಡ್ರೈವರ್ ಹಾಕಿಕೊಳ್ಳಲಿ. ಚೌಕ ಎಳೆಯುವ ಮುನ್ನ ಪರೀಕ್ಷಾ ಫಲಕದಲ್ಲಿ ಸಂಕೇತ ಬರುತ್ತಿದೆಯೇ ನೋಡಲಿ. ನೂರು ವರ್ಷದಲ್ಲಿ ಕಣ್ಣು ಕುಲುಮೆಯಿಂದ ಪರದೆಗೆ ಸರಿದಿದೆ. ಆ ಕಣ್ಣನ್ನು ಪಳಗಿಸುವ ಕೆಲಸ ಹಾಗೇ ಉಳಿದಿದೆ. ಅದಕ್ಕೆ ಥರ್ಮೋಕಪಲ್ ಅದ್ದಿ ನೋಡಲು ಒಂದು ಪಾತ್ರೆ ಕುದಿಯುವ ನೀರು ಸಾಕು. ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರ್ ಎತ್ತರದ ಶಿವಮೊಗ್ಗದಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಪುಸ್ತಕದ 100 ಬರಲಿಲ್ಲವೆಂದು ಪ್ರೋಗ್ರಾಮ್ ತಿದ್ದಲು ಹೋಗಬೇಡಿ.